ನೂರೆಂಟು ವಚನಗಳ ಪತ್ರಿಕೆ

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಮುಗಿಸಲು ಇಪ್ಪತ್ತು ನಿಮಿಷ ಸಾಕು. ಐದೇ ಅಧ್ಯಾಯ, 108 ವಚನ. ಬರೆದವನು ಯೇಸುವಿನ ಸೋದರ, ಯೆರೂಸಲೇಮಿನ ಸಭೆಯ ಹಿರಿಯ ಎಂಬುದು ಸಂಪ್ರದಾಯದ ನಂಬಿಕೆ. ಪೌಲನ ಹಾಗೆ ಇವನು ವಾದ ಹೂಡುವುದಿಲ್ಲ. ಊರಿಂದ ಬಂದ ದೊಡ್ಡಪ್ಪ ಜಗಲಿ ಮೇಲೆ ಕೂತು ಬುದ್ಧಿ ಹೇಳಿದ ಹಾಗೆ ಹೇಳುತ್ತಾನೆ. 1522ರಲ್ಲಿ ಮಾರ್ಟಿನ್ ಲೂಥರ್ ಇದನ್ನು ಹುಲ್ಲಿನ ಪತ್ರಿಕೆ ಎಂದುಬಿಟ್ಟ. ಲೂಥರನ ಮೇಲೆ ಗೌರವವಿದೆ, ಈ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಬಸವೇಶ್ವರನಗರದ ನಮ್ಮ ಮನೆಕೂಟದಲ್ಲಿ ಗುರುವಾರ ಸಂಜೆ ಇದರ ಅಧ್ಯಯನ. ನನ್ನದೊಂದು ಗೆರೆ ಹಾಕಿದ ನೋಟ್‌ಬುಕ್ ಇದೆ. ಎಡಪುಟದಲ್ಲಿ ವಚನ ಬರೆದುಕೊಳ್ಳುತ್ತೇನೆ. ಬಲಪುಟ ಖಾಲಿ, ಆ ವಾರ ಆ ವಚನದಿಂದ ಏನು ನಡೆಯಿತೋ ಅದು ಮಾತ್ರ ಅಲ್ಲಿಗೆ. ಈ ಓದಿನ ಸುಖವೆಲ್ಲ ನನಗೆ ಬಲಪುಟದಲ್ಲೇ.

ಐದನೆಯ ಅಧ್ಯಾಯದ ನಾಲ್ಕನೆಯ ವಚನ ನೋಡಿ. ಪೈರು ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯ ವಿಚಾರ. ಕೊಯ್ದವರ ಕೂಗಿಗೂ ಮೊದಲು ಅಲ್ಲಿ ಆ ಹಣವೇ ಕೂಗುತ್ತದೆ! ಅದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೆ ಒಂದನೇ ತಾರೀಕು ಬಂದ ಕೂಡಲೇ ಸಂಬಳ. ಪೇಂಟರ್ ಸಂಜೆ ಬ್ರಷ್ ತೊಳೆಯುವ ಹೊತ್ತಿಗೆ ದುಡ್ಡು ಎಣಿಸಿಟ್ಟಿರುತ್ತದೆ. ‘ನಾಳೆ ಬಾಪ್ಪ’ ಎನ್ನುವುದಿಲ್ಲ.

ಎರಡನೆಯ ಅಧ್ಯಾಯದಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ನೆಲ. ಅದನ್ನು ಓದಿದ ವಾರವೇ ಕೂಟದ ಸೋಫಾ ಗೋಡೆಗೆ ಸರಿಯಿತು. ಈಗ ಎಲ್ಲರಿಗೂ ಒಂದೇ ಜಮಖಾನ, ಮಂಡಿನೋವಿನವರಿಗೆ ಕುರ್ಚಿ.

ಹಸಿದವನಿಗೆ ಬರೀ ಹಾರೈಕೆ ಕೊಟ್ಟು ಕಳಿಸಿದರೆ ಏನು ಬಂತು ಎಂದು ಕೇಳುವುದೂ ಅದೇ ಅಧ್ಯಾಯ. ಅದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ, ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ. ಊರೇ ದೂರವಿಟ್ಟಿದ್ದ ಕುಷ್ಠರೋಗಿಗಳಿಗಾಗಿ 1970ರ ದಶಕದ ಕೊನೆಯಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರದವರು ಕಟ್ಟಿದ ಕೇಂದ್ರ ಅದು. ಔಷಧಿಯ ಜೊತೆಗೆ ಚರ್ಮದ ಕೆಲಸದಂಥ ಕಸುಬನ್ನೂ ಕಲಿಸಿದರು. ದಿನವೂ ಬಸ್ಸಿನಲ್ಲಿ ‘ಸುಮನಹಳ್ಳಿ, ಸುಮನಹಳ್ಳಿ’ ಎಂದು ಕಂಡಕ್ಟರ್ ಕೂಗುವಾಗ ನನಗೆ ಆ ವಚನವೇ ನೆನಪಾಗುತ್ತದೆ.

ಬಸವಣ್ಣನವರ ಹೆಸರಿನ ಬಡಾವಣೆಯಲ್ಲಿ ಕೂತು ಓದುವಾಗ ಯಾಕೋಬ ಪರಊರಿನವನು ಅನಿಸುವುದೇ ಇಲ್ಲ. ಕಾಯಕ, ದಾಸೋಹ ಕೇಳಿ ಬೆಳೆದ ಕಿವಿಗೆ, ಕ್ರಿಯೆಯಿಲ್ಲದ ನಂಬಿಕೆಗೆ ಜೀವವಿಲ್ಲ ಎಂಬ ಅವನ ನಿಲುವು ನೇರವಾಗಿ ಇಳಿಯುತ್ತದೆ.

ಮುಂದಿನ ಗುರುವಾರ ಮತ್ತೆ ಮೂರನೆಯ ಅಧ್ಯಾಯ, ನಾಲಿಗೆಯದು. ಆ ವಾರ ಯಾರ ಬೆನ್ನ ಹಿಂದೆಯೂ ಒಂದು ಮಾತು ಆಡಬಾರದೆಂದು ಕೂಟದವರೆಲ್ಲ ಒಪ್ಪಿದ್ದೇವೆ.