ಲೆಕ್ಕಕ್ಕೆ ಮುಂಚೆ ಒಂದು ಅಂದಾಜು

ದ್ವಿತೀಯ ಪಿಯುಸಿ ತರಗತಿಗೆ ನಿಶ್ಚಿತ ಅನುಕಲ ಬೋಧಿಸುವಾಗ ನಾನು ಒಂದು ರೂಢಿ ಇಟ್ಟುಕೊಂಡಿದ್ದೆ: ಲೆಕ್ಕಕ್ಕೆ ಇಳಿಯುವ ಮೊದಲು ನಕ್ಷೆ ಬರೆಸಿ, ಉತ್ತರ ಸುಮಾರು ಎಷ್ಟಿರಬಹುದು ಎಂದು ಕೇಳುವುದು. ಮೇಲ್ಮಿತಿ ಹಾಕು, ಕೆಳಮಿತಿ ಹಾಕು, ಕಳೆ. ಇಷ್ಟನ್ನು ಮಕ್ಕಳು ಎರಡೇ ಅವಧಿಯಲ್ಲಿ ಕಲಿತುಬಿಡುತ್ತಾರೆ. ಬಂದ ಸಂಖ್ಯೆ ಯಾವುದರ ಅಳತೆ ಎಂದರೆ ತರಗತಿ ಮೌನ.

ಮೊದಲ ಉದಾಹರಣೆ ಎಕ್ಸ್ ವರ್ಗ, ಸೊನ್ನೆಯಿಂದ 2ರವರೆಗೆ. 2 ಅಗಲ, 4 ಎತ್ತರದ ಆಯತದೊಳಗೆ ವಕ್ರರೇಖೆ ಕೂರುತ್ತದೆ. ಉತ್ತರ 8ಕ್ಕಿಂತ ಕಡಿಮೆ. ಮೂಲಬಿಂದುವಿನಿಂದ ಕರ್ಣ ಎಳೆದರೆ ರೇಖೆ ಅದರ ಕೆಳಗೇ ಬಾಗಿದೆ. ಹಾಗಾದರೆ 4ಕ್ಕಿಂತಲೂ ಕಡಿಮೆ. ಆಮೇಲೆ ಲೆಕ್ಕ ಮಾಡಿದರು: 8/3.

ವೀಕ್ಷಣೆಗೆ ಕುಳಿತಿದ್ದ ಸಹಪ್ರಶಿಕ್ಷಣಾರ್ಥಿ ‘ಅಂದಾಜಿಗೆ ಹತ್ತು ನಿಮಿಷ ಹೋಯಿತು, ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ’ ಎಂದು ಬರೆದರು. ಮಾತು ಸುಳ್ಳಲ್ಲ. ನಾವು ತುಂಬಿಸುವ ಪಾಠಯೋಜನೆಯ ನಮೂನೆಯಲ್ಲೂ ಅಂದಾಜಿಗೊಂದು ಅಂಕಣವಿಲ್ಲ.

ಮೂರನೆಯ ದಿನ ಎಕ್ಸ್ ವರ್ಗದ ವ್ಯುತ್ಕ್ರಮವನ್ನು ಮೈನಸ್ 1ರಿಂದ 1ರವರೆಗೆ ಕೊಟ್ಟೆ. ಬೇಕೆಂದೇ ಕೊಟ್ಟದ್ದು, ನಕ್ಷೆಯ ಮಾತನ್ನೂ ಎತ್ತಲಿಲ್ಲ. ಅನುಕಲಿಸಿದರೆ ಮೈನಸ್ ಒಂದು ಬೈ ಎಕ್ಸ್. ಮೇಲ್ಮಿತಿಗೆ ಮೈನಸ್ 1, ಕೆಳಮಿತಿಗೆ 1, ಕಳೆದರೆ ಮೈನಸ್ 2. ಹೆಚ್ಚಿನವರು ಉತ್ತರದ ಕೆಳಗೆ ಎರಡು ಗೆರೆ ಎಳೆದು ಪೆನ್ನು ಕೆಳಗಿಟ್ಟರು. ಒಬ್ಬಳು ಮಾತ್ರ ಎದ್ದಳು. “ಮಿಸ್, ಇದು ಎಲ್ಲೂ 1ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ. ಅಗಲ 2. ಕಮ್ಮಿ ಅಂದ್ರೂ 2 ಬರಬೇಕಲ್ವಾ? ಮೈನಸ್ ಹೇಗೆ ಬಂತು?”

ಮುಂದಿನ ಬೆಂಚಿನ ಹುಡುಗ ಚಿಹ್ನೆ ತಪ್ಪಿರಬೇಕೆಂದು ಮೈನಸ್ ಅಳಿಸಿ 2 ಮಾಡಿದ. ಅದೂ ಅಲ್ಲ. ಸೊನ್ನೆಯ ಹತ್ತಿರ ಎತ್ತರ ಎಷ್ಟು ಎಂದು ಕೇಳಿದೆ. 0.1ರಲ್ಲಿ 100, 0.01ರಲ್ಲಿ 10,000, ಸೊನ್ನೆಯಲ್ಲಿ ಬೆಲೆಯೇ ಇಲ್ಲ. 0.01ರಿಂದ 1ರವರೆಗಿನ ಕ್ಷೇತ್ರಫಲ 99, 0.001ರಿಂದ ಹಿಡಿದರೆ 999. ಅದು ಎಲ್ಲಿಯೂ ನಿಲ್ಲುವುದಿಲ್ಲ. ಮಿತಿಗಳ ನಡುವೆ ಉತ್ಪನ್ನ ಅವಿಚ್ಛಿನ್ನವಾಗಿರಬೇಕು ಎಂಬ ಷರತ್ತು ಎಲ್ಲರ ನೋಟ್‌ಬುಕ್ಕಿನಲ್ಲೂ ಇತ್ತು, ಪ್ರಮೇಯದ ಮೊದಲ ಸಾಲಿನಲ್ಲೇ. ಆ ದಿನ ಮಕ್ಕಳು ಪುಟ ತಿರುಗಿಸಿ ಅದನ್ನು ಓದಿದರು. ಷರತ್ತನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಈ ಓದು ಸಿಗುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಆ ಹತ್ತು ನಿಮಿಷವನ್ನು ನಾನು ಮುಂದೆಯೂ ಬಿಡಲಿಲ್ಲ.

ಮುಂದಿನ ಲೆಕ್ಕ ಸೈನ್ ಎಕ್ಸ್, ಸೊನ್ನೆಯಿಂದ 2 ಪೈವರೆಗೆ. ನಾನು ಕೇಳುವ ಮೊದಲೇ ನಕ್ಷೆ ಬರೆದರು. ಗಂಟೆ ಹೊಡೆಯುವ ಹೊತ್ತಿಗೆ ಕೆಲವರು 0 ಅನ್ನುತ್ತಿದ್ದರು, ಕೆಲವರು 4. ಅನುಕಲ 0, ಕ್ಷೇತ್ರಫಲ 4. ಅದನ್ನು ಬಿಡಿಸಿ ಹೇಳಲು ಇನ್ನೊಂದು ಅವಧಿ ಹಿಡಿಯಿತು.