ಕಿಂಗ್‌ಸ್ಟನ್ನಿನ ಕೈಪರೀಕ್ಷೆ

ಆಕ್ಯುಪೇಷನಲ್ ಥೆರಪಿಯನ್ನು ವೃತ್ತಿಯಾಗಿ ಕೈಗೊಂಡು, ಮೈಸೂರನ್ನು ಬಿಟ್ಟು, ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಸರೋವರದ ದಂಡೆಯ ಮೇಲಿರುವ ಕಿಂಗ್‌ಸ್ಟನ್ ಪಟ್ಟಣಕ್ಕೆ ನಾನು ಬಂದು ಸೇರಿದ ಕಾಲದಲ್ಲಿ, ಅಂದರೆ ಕಳೆದ ಶತಮಾನದ ಎಂಬತ್ತರ ದಶಕದ ಕೊನೆಯಲ್ಲಿ, ಪಾರ್ಶ್ವವಾಯು ಬಡಿದ ಮನುಷ್ಯನ ಕೈಯಲ್ಲಿ ಎಷ್ಟು ಚಲನೆ ಉಳಿದಿದೆ, ಬುದ್ಧಿಯಲ್ಲಿ ಎಷ್ಟು ಚುರುಕು ಉಳಿದಿದೆ ಎಂಬುದನ್ನು ಅಳೆಯಲು ನಮಗೆ ಬೇಕಾಗಿದ್ದ ಸಾಮಗ್ರಿಯೆಲ್ಲ ಒಂದು ಕೈಚೀಲದಲ್ಲಿ ಹಿಡಿಸುತ್ತಿದ್ದಿತು: ರಬ್ಬರಿನ ಸುತ್ತಿಗೆ, ಕೀಲು ಎಷ್ಟು ಬಾಗುತ್ತದೆಂದು ನೋಡುವ ಕೋನಮಾಪಕ, ಸ್ಟಾಪ್‌ವಾಚು, ರಂಧ್ರಗಳುಳ್ಳ ಹಲಗೆ ಮತ್ತು ಅದರಲ್ಲಿ ನೆಡತಕ್ಕ ಸಣ್ಣ ಗೂಟಗಳು, ಕೆಲವು ಅಚ್ಚಾದ ಹಾಳೆಗಳು, ಒಂದು ಪೆನ್ಸಿಲ್. ಉಳಿದದ್ದೆಲ್ಲ ಕಣ್ಣಳತೆ.

ಆ ಕಣ್ಣಳತೆಗೂ ಒಂದು ಶಾಸ್ತ್ರವಿದ್ದಿತು. ಸ್ವೀಡನ್ನಿನ ಆಕ್ಸೆಲ್ ಫುಗ್ಲ್‌-ಮೇಯರ್ ಮತ್ತು ಅವರ ಸಹೋದ್ಯೋಗಿಗಳು 1975ರಲ್ಲಿ ಪ್ರಕಟಿಸಿದ ಕ್ರಮದಂತೆ, ಕೇಳಿದ ಚಲನೆಯನ್ನು ರೋಗಿಯು ಸ್ವಲ್ಪವೂ ಮಾಡಲಾರದಿದ್ದರೆ 0, ಅರ್ಧಂಬರ್ಧ ಮಾಡಿದರೆ 1, ಪೂರ್ಣವಾಗಿ ಮಾಡಿದರೆ 2 ಎಂದು ಅಂಕವಿತ್ತು, ತೋಳಿನ ಒಟ್ಟು 66 ಅಂಕಗಳಲ್ಲಿ ಎಷ್ಟು ಬಂದಿತೆಂದು ಕೂಡಿಸುತ್ತಿದ್ದೆವು; 1993ರಲ್ಲಿ ನಮ್ಮದೇ ಪ್ರಾಂತ್ಯದ ಹ್ಯಾಮಿಲ್ಟನ್ ನಗರದಿಂದ ಚಿಡೋಕ್‌-ಮ್ಯಾಕ್‌ಮಾಸ್ಟರ್ ಎಂಬ ಏಳು ಹಂತಗಳ ಇನ್ನೊಂದು ಕ್ರಮವೂ ಬಂದಿತು. ಎರಡೂ ಒಳ್ಳೆಯವೇ, ಇಂದಿಗೂ ಜಗತ್ತು ಅವುಗಳನ್ನು ಬಳಸುತ್ತಿದೆ. ಆದರೆ 0 ಮತ್ತು 2ರ ನಡುವೆ ನಿಂತ ಆ ಒಂಟಿ ಅಂಕಿ ಹೊರಬೇಕಾಗಿದ್ದ ಭಾರ ಅದರ ಶಕ್ತಿಗೆ ಮೀರಿದ್ದು. ಭುಜವನ್ನು ಒಂದು ಅಂಗುಲ ಕದಲಿಸಿದವನಿಗೂ 1, ಗುರಿಯ ಹತ್ತಿರದವರೆಗೂ ಕೈಯನ್ನು ಒಯ್ದು ಕೊನೆಯಲ್ಲಿ ನಡುಗಿ ತಪ್ಪಿದವನಿಗೂ 1. ಬೆಳಗ್ಗೆ ಒಬ್ಬಳು 1 ಎಂದು ಬರೆದ ತೋಳಿಗೆ ಮಧ್ಯಾಹ್ನ ಮತ್ತೊಬ್ಬಳು 2 ಎಂದು ಬರೆದರೆ, ಸುಧಾರಿಸಿದ್ದು ರೋಗಿಯ ತೋಳೋ ಪರೀಕ್ಷಕಿಯ ಔದಾರ್ಯವೋ ಎಂದು ನಿರ್ಣಯಿಸುವ ಉಪಾಯ ನಮ್ಮಲ್ಲಿರಲಿಲ್ಲ.

ಚಲನೆಯ ಮಾತು ಹೀಗಾದರೆ, ಕೈ ಎಲ್ಲಿದೆ ಎಂಬ ಅರಿವಿನ ಮಾತು ಇನ್ನೂ ದುರ್ಬಲವಾಗಿದ್ದಿತು. ಕಣ್ಣು ಮುಚ್ಚಿದರೂ ತನ್ನ ಕೈಯಿರುವ ಸ್ಥಾನ ಮನುಷ್ಯನಿಗೆ ತಿಳಿದಿರುತ್ತದೆ. ಕತ್ತಲಲ್ಲಿ ಹೊದಿಕೆಯನ್ನು ಎಳೆದುಕೊಳ್ಳುವುದೂ ಬೆನ್ನ ಹಿಂದೆ ಗುಂಡಿ ಹಾಕಿಕೊಳ್ಳುವುದೂ ಆ ಅರಿವಿನಿಂದಲೇ. ಪಾರ್ಶ್ವವಾಯುವಾದವರಲ್ಲಿ ಅನೇಕರಿಗೆ ಇದು ಕುಂದುತ್ತದೆ. ನಾವು ಮಾಡುತ್ತಿದ್ದದ್ದು ಹೆಬ್ಬೆರಳಿನ ಪರೀಕ್ಷೆ: ರೋಗಿಯ ಕಣ್ಣು ಮುಚ್ಚಿಸಿ, ಕೆಟ್ಟ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಅದರ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳಿ ಎಂದು ಹೇಳುವುದು. ನೇರವಾಗಿ ಹಿಡಿದವರು ಉತ್ತಮ, ತಡಕಾಡಿದವರು ಮಧ್ಯಮ, ಮೊಣಕೈಯಿಂದ ಹಿಡಿದು ತೋಳಿನುದ್ದಕ್ಕೂ ಸವರಿಕೊಂಡು ಬಂದವರು ಅಧಮ. ಬುದ್ಧಿಯ ಪರೀಕ್ಷೆ ಹಾಳೆಯ ಮೇಲೆ ನಡೆಯುತ್ತಿದ್ದಿತು. ನಕ್ಷತ್ರಗಳನ್ನು ಹುಡುಕಿ ಹೊಡೆದುಹಾಕುವುದು, ಗಡಿಯಾರ ಬರೆಯುವುದು, ಅಂಕಿ ಅಕ್ಷರಗಳನ್ನು ಸರದಿಯಂತೆ ಗೆರೆಯೆಳೆದು ಜೋಡಿಸುವುದು. ಕೈ ಒಬ್ಬರ ಪಾಲಿಗೆ, ತಲೆ ಇನ್ನೊಬ್ಬರ ಪಾಲಿಗೆ.

ಬದಲಾವಣೆ ಬಂದದ್ದು ನಾವು ನಿರೀಕ್ಷಿಸದಿದ್ದ ದಿಕ್ಕಿನಿಂದ. ಅದೇ ಪಟ್ಟಣದ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಸ್ಟೀಫನ್ ಸ್ಕಾಟ್ ಎಂಬ ವಿಜ್ಞಾನಿ, ಕೋತಿಗಳು ಕೈ ಚಾಚುವಾಗ ಮೆದುಳು ಭುಜ ಮೊಣಕೈಗಳನ್ನು ಹೇಗೆ ಆಳುತ್ತದೆಂದು ಅರಿಯುವುದಕ್ಕಾಗಿ ಒಂದು ಯಂತ್ರವನ್ನು ನಿರ್ಮಿಸಿ, 1999ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದ್ದರು. ಕಿನಾರ್ಮ್ ಎಂಬ ಹೆಸರಿನ ಅದೇ ಯಂತ್ರ ಮನುಷ್ಯರ ಅಳತೆಗೆ ಬೆಳೆದು, ಹೊಸ ಶತಮಾನದ ಮೊದಲ ದಶಕದಲ್ಲಿ ಪಾರ್ಶ್ವವಾಯುಪೀಡಿತರ ಪರೀಕ್ಷೆಗೆ ಬಂದಿತು. ಗಾಲಿಗಳ ಮೇಲಿನ ಕುರ್ಚಿ. ಅದರ ಎರಡು ಪಕ್ಕಗಳಲ್ಲಿ ಲೋಹದ ಸಂಧಿಗಳು. ಮೇಲ್ದೋಳು ಮುಂಗೈಗಳನ್ನು ಮಲಗಿಸಲು ತೊಟ್ಟಿಲಿನಂಥ ಪ್ಲಾಸ್ಟಿಕ್ ದೋಣಿಗಳು. ರೋಗಿಯನ್ನು ಕೂರಿಸಿ, ಕೈಗಳನ್ನು ಹೊಂದಿಸಿ, ಕುರ್ಚಿಯನ್ನು ಒಂದು ಅಡ್ಡ ಗಾಜಿನ ಕೆಳಗೆ ತಳ್ಳಿದರೆ, ಮೇಲಿನ ಪರದೆಯ ಚಿತ್ರ ಗಾಜಿನಲ್ಲಿ ಬಿಂಬಿಸಿ, ಬೆಳಕಿನ ಚುಕ್ಕೆಗಳು ಕೈಯಿರುವ ಮಟ್ಟದಲ್ಲಿಯೇ ತೇಲುತ್ತಿರುವಂತೆ ಕಾಣುವುದು. ಕೈ ಮಾತ್ರ ಕಾಣಿಸದು. ಚುಕ್ಕೆ ಹೊತ್ತಿಕೊಂಡೊಡನೆ ಅದನ್ನು ಮುಟ್ಟಬೇಕು. ಸೆಕೆಂಡಿಗೆ 1000 ಸಲ ಯಂತ್ರವು ಕೈಯ ಸ್ಥಾನವನ್ನು ಗುರುತಿಸಿಕೊಂಡು, ಎಷ್ಟು ತಡವಾಗಿ ಹೊರಟಿತು, ಮೊದಲ ಹೆಜ್ಜೆ ಎತ್ತ ವಾಲಿತು, ನಡುವೆ ಎಷ್ಟು ಬಾರಿ ವೇಗ ಏರಿ ಇಳಿಯಿತು ಎಂಬುದನ್ನೆಲ್ಲ ಬಿಡಿಸಿ, ಅದೇ ವಯಸ್ಸಿನ ಆರೋಗ್ಯವಂತರ ಅಳತೆಯೊಡನೆ ತೂಗಿ ತೋರಿಸುತ್ತಿದ್ದಿತು. ನಮ್ಮ ಹಳೆಯ 1 ಎಂಬ ಅಂಕಿ ಹೀಗೆ ಒಡೆದು ಅದರೊಳಗಿದ್ದದ್ದೆಲ್ಲ ಹೊರಬಿದ್ದಿತು.

ಕೈಯ ಅರಿವಿನ ಪರೀಕ್ಷೆ ಎಲ್ಲಕ್ಕಿಂತ ವಿಚಿತ್ರವಾದದ್ದು. ಯಂತ್ರವು ಕೆಟ್ಟ ಕೈಯನ್ನು ತಾನೇ ಎಲ್ಲಿಗೋ ಒಯ್ದು ನಿಲ್ಲಿಸುತ್ತದೆ. ರೋಗಿಯು ಕನ್ನಡಿಯಲ್ಲಿ ಕಂಡಂತೆ ಇನ್ನೊಂದು ಕೈಯನ್ನು ಅದಕ್ಕೆ ಸರಿಸಮವಾಗಿ ಇಡಬೇಕು. ಮಗನ ಮನೆಗೆಂದು ಹಾಸನದ ಕಡೆಯಿಂದ ಬಂದಿದ್ದಾಗ ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ವೃದ್ಧೆಯೊಬ್ಬರು ಈ ಪರೀಕ್ಷೆಗೆ ಕುಳಿತದ್ದು ನೆನಪಿದೆ. ಮಗನ ಮೂಲಕ ಇಂಗ್ಲಿಷಿನಲ್ಲಿ ನಡೆದಿದ್ದ ಹಾಳೆಯ ಪರೀಕ್ಷೆಯಲ್ಲಿ, ಎ ಬಿ ಸಿ ಅಕ್ಷರಗಳನ್ನೇ ಅರಿಯದ ಅವರಿಗೆ ಬಂದ ಅಂಕಗಳನ್ನು ನಂಬುವಂತಿರಲಿಲ್ಲ. ಇಲ್ಲಿ ಅಕ್ಷರದ ಗೊಡವೆಯಿಲ್ಲ.

"ಈಗ ಆ ಕೈ ಎಲ್ಲಿದೆಯೋ, ಈ ಕೈನೂ ಅಷ್ಟೇ ದೂರಕ್ಕೆ ತನ್ನಿ, ಅಮ್ಮ" ಎಂದೆ.

"ಆ ಕೈನ ಅದು ಇನ್ನೂ ತಗೊಂಡೇ ಹೋಗಿಲ್ವಲ್ಲ ಕಣಮ್ಮಾ, ತಗೊಂಡು ಹೋಗ್ಲಿ, ಆಮೇಲೆ ಇಡ್ತೀನಿ."

ಅಷ್ಟುಹೊತ್ತಿಗೆ ಅವರ ಎಡಗೈ ಎದೆಯ ಮುಂದಿನಿಂದ ಹೊರಟು ದೂರದ ಮೂಲೆಗೆ ಹೋಗಿ ನಿಂತಾಗಿದ್ದಿತು. ಅದೇ ಕೈಯಿಂದ ಹಿಂದಿನ ದಿನ, ನೋಡಿಕೊಂಡು, ಲೋಟವನ್ನು ಎತ್ತಿದ್ದರು. ನಮ್ಮ ಕಣ್ಣಳತೆಯ ಪ್ರಕಾರ ಅದು ಬಹುಪಾಲು ಗುಣವಾದ ಕೈ. ಮನೆಯಲ್ಲಿ ಒಲೆಯ ಹತ್ತಿರ ನಿಂತು ಅದು ಸುಟ್ಟುಕೊಳ್ಳುವ ಸಂಭವವನ್ನು ತಿಳಿದು ಮಗನಿಗೂ ಸೊಸೆಗೂ ಎಚ್ಚರಿಕೆ ಹೇಳಲು ಆ ಮಧ್ಯಾಹ್ನವೇ ಕಾರಣವಾಯಿತು. ಪರದೆಯ ಆಟಗಳನ್ನು ಕಂಡೇ ಅರಿಯದ ಮುದುಕಿಯನ್ನು ಕೆನಡಾದ ಸ್ವಯಂಸೇವಕರ ಅಳತೆಗೋಲಿನಿಂದ ತೂಗುವುದು ಎಷ್ಟರಮಟ್ಟಿಗೆ ನ್ಯಾಯವೆಂಬ ಪ್ರಶ್ನೆ ಬೇರೆ. ಅದನ್ನು ನಾನು ಅಲ್ಲಿಯ ತರುಣ ಸಂಶೋಧಕರಲ್ಲಿ ಕೇಳದೆ ಬಿಟ್ಟವಳಲ್ಲ.

ಕೈ ತಲೆಗಳ ಹಳೆಯ ಪಾಲುಪಟ್ಟಿ ಹರಿದುಹೋದದ್ದು ಚೆಂಡಿನ ಪರೀಕ್ಷೆಯಲ್ಲಿ. ಮೇಲಿನಿಂದ 300 ಚೆಂಡುಗಳು ಮೊದಲು ಒಂದೊಂದಾಗಿ, ಬರಬರುತ್ತ ಹೆಚ್ಚಾಗಿ, ವೇಗವಾಗಿ ಬೀಳುತ್ತವೆ. ಎರಡೂ ಕೈಗಳಿಂದ ಹೊಡೆಯಬೇಕು. ಎರಡು ನಿಮಿಷಕ್ಕೆ ಸ್ವಲ್ಪ ಮೇಲ್ಪಟ್ಟು ಮುಗಿಯುವ ಆಟ. ಇದರ ಇನ್ನೊಂದು ರೂಪದಲ್ಲಿ ಬೀಳುವ ಎಂಟು ಬಗೆಯ ಆಕಾರಗಳಲ್ಲಿ ಎರಡನ್ನು ಮಾತ್ರ ಹೊಡೆದು ಉಳಿದವನ್ನು ಬಿಡಬೇಕು. ತನ್ನ ಟ್ರಕ್ಕಿನ ಲೈಸೆನ್ಸು ಯಾವಾಗ ವಾಪಸು ಬರುತ್ತದೆಂಬುದೊಂದನ್ನೇ ದಿನವೂ ಕೇಳುತ್ತಿದ್ದ ಹೈನುಗಾರಿಕೆಯ ರೈತನೊಬ್ಬ, ಹಾಳೆಯ ಮೇಲಿನ ನಕ್ಷತ್ರಗಳನ್ನು ಒಂದೂ ಬಿಡದೆ ಹುಡುಕಿದ್ದವನು, ಇಲ್ಲಿ ಮೊದಲ ಅರ್ಧ ನಿಮಿಷ ಚೆನ್ನಾಗಿಯೇ ಆಡಿ, ವೇಗ ಏರಿದೊಡನೆ ಎಡಭಾಗದ ಚೆಂಡುಗಳನ್ನು ಕಾಣದವನಂತೆ ಬಿಡತೊಡಗಿದನು. ಎರಡನೆಯ ಆಟದಲ್ಲಿಯಂತೂ ಕಂಡದ್ದನ್ನೆಲ್ಲ ಹೊಡೆದನು. ಬಿಡುವಿದ್ದಾಗ ಸರಿಯಿರುವ ಬುದ್ಧಿ ಅವಸರದಲ್ಲಿ ಕೈಕೊಡುವುದನ್ನು ಹಾಳೆ ತೋರಿಸಿರಲಿಲ್ಲ, ಏಕೆಂದರೆ ಹಾಳೆಗೆ ಅವಸರವಿಲ್ಲ, ರಸ್ತೆಗೆ ಇದೆ.

ಇಷ್ಟೆಲ್ಲದರ ನಡುವೆ ನನ್ನ ವೃತ್ತಿಯವರನ್ನು ನಿಜವಾಗಿ ಬೆಚ್ಚಿಬೀಳಿಸಿದ ಸಂಗತಿ ಬೇರೊಂದು. 2010ರಲ್ಲಿ ಸ್ಕಾಟ್, ಕ್ಯಾಲ್ಗರಿಯ ವೈದ್ಯ ಶಾನ್ ಡ್ಯೂಕ್ಲೊ ಮತ್ತು ಅವರ ಸಂಗಡಿಗರು ಪಾರ್ಶ್ವವಾಯುವಾದ 52 ಮಂದಿಯನ್ನೂ ಆರೋಗ್ಯವಂತರಾದ 74 ಮಂದಿಯನ್ನೂ ಹೋಲಿಸಿ ಪ್ರಕಟಿಸಿದ ಲೇಖನದಲ್ಲಿ, ಕೆಟ್ಟ ಕೈಯಲ್ಲಿ ಮಾತ್ರವಲ್ಲದೆ, ನಾವೆಲ್ಲ ಒಳ್ಳೆಯದೆಂದು ಬಗೆದು ಮುಟ್ಟಿಯೂ ನೋಡದಿದ್ದ ಇನ್ನೊಂದು ಕೈಯಲ್ಲಿಯೂ ಅನೇಕರಿಗೆ ದೋಷವಿದ್ದುದು ಕಂಡುಬಂದಿತು. ಊಟ, ಸ್ನಾನ, ಬಟ್ಟೆ ಎಲ್ಲವನ್ನೂ ಆ ಕೈಯೊಂದರ ಮೇಲೆ ಹೊರಿಸಿ ರೋಗಿಯನ್ನು ಮನೆಗೆ ಕಳಿಸುವುದೇ ವಾಡಿಕೆಯಾಗಿದ್ದ ನಮಗೆ, ಇದು ಸಣ್ಣ ಸುದ್ದಿಯಲ್ಲ.

ಹಾಗೆಂದು ಯಂತ್ರದ ಜಯಘೋಷ ಮಾಡುವವಳು ನಾನಲ್ಲ. ಕಿನಾರ್ಮ್ ಭುಜ ಮೊಣಕೈಗಳನ್ನು ಅಳೆಯುತ್ತದೆ, ಬೆರಳುಗಳನ್ನಲ್ಲ. ಕೈಯ ಭಾರವನ್ನು ತಾನೇ ಹೊರುವುದರಿಂದ, ಆ ಭಾರವನ್ನೆತ್ತಲು ರೋಗಿಗೆ ಶಕ್ತಿಯಿದೆಯೆ ಎಂಬುದನ್ನು ಹೇಳಲಾರದು. ಬೆಲೆಯೋ ದೊಡ್ಡ ಆಸ್ಪತ್ರೆಗಳೂ ವಿಶ್ವವಿದ್ಯಾನಿಲಯಗಳೂ ಮಾತ್ರ ಭರಿಸಬಲ್ಲದ್ದು. ಇನ್ನು, ರೋಗಿಗೆ ವ್ಯಾಯಾಮ ಮಾಡಿಸುವ ರೋಬಾಟುಗಳ ಕಥೆಯೇ ಬೇರೆ: ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ಅಂಥ ಯಂತ್ರವೊಂದನ್ನು ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಾಡಿಕೆಯ ಚಿಕಿತ್ಸೆಗಿಂತ ತೋಳಿನ ಉಪಯೋಗ ಅದರಿಂದ ಹೆಚ್ಚಾಗಲಿಲ್ಲ. ಚಿಕಿತ್ಸಕನ ಸ್ಥಾನದಲ್ಲಿ ಸಾಧಾರಣನೆನಿಸಿದ ರೋಬಾಟು ಪರೀಕ್ಷಕನ ಸ್ಥಾನದಲ್ಲಿ ನಮ್ಮನ್ನು ಮೀರಿಸಿತು ಎಂಬುದೇ ನಾನು ಕಂಡ ಮೂರು ದಶಕಗಳ ಸಾರ.

ಸರೋವರದಂಚಿನ ಸೇಂಟ್ ಮೇರೀಸ್ ಆಸ್ಪತ್ರೆಯ ಪುನಶ್ಚೇತನ ವಿಭಾಗ 2017ರಲ್ಲಿ ಪ್ರಾವಿಡೆನ್ಸ್ ಕೇರ್ ಸಂಸ್ಥೆಯ ಹೊಸ ಕಟ್ಟಡಕ್ಕೆ ಹೋಯಿತು, ನಾನೂ ನಿವೃತ್ತಳಾದೆನು. ಊರಿಗೆ ಬಂದಾಗಲೆಲ್ಲ, ಲಕ್ವ ಹೊಡೆದವರ ಮನೆಯವರು ಆ ಯಂತ್ರ ಇಲ್ಲಿಗೂ ಬರುವುದೆ ಎಂದು ಕೇಳುತ್ತಾರೆ. ಬರುವವರೆಗೆ ಕಾಯಬೇಕಾದ್ದಿಲ್ಲ. ನಿಮ್ಮ ಥೆರಪಿಸ್ಟರನ್ನು ಎರಡು ಮಾತು ಕೇಳಿರಿ: ಕಣ್ಣು ಮುಚ್ಚಿಸಿ ಕೈ ಎಲ್ಲಿದೆಯೆಂದು ಪರೀಕ್ಷಿಸಿದಿರಾ, ಮತ್ತು ಚೆನ್ನಾಗಿದೆಯೆಂದು ಬಿಟ್ಟ ಆ ಇನ್ನೊಂದು ಕೈಯನ್ನೂ ನೋಡಿದಿರಾ. ಇವೆರಡಕ್ಕೂ ದುಡ್ಡು ಬೇಕಾಗಿಲ್ಲ. ಹತ್ತು ನಿಮಿಷ ಸಾಕು.