ಎದ್ದುಹೋದ ಮೇಲಿನ ರುಚಿ

ಲೂಕನ ಶುಭಸಂದೇಶದ ಕೊನೆಯ ಅಧ್ಯಾಯವನ್ನು ನಾನು ಆಗಾಗ ತೆರೆದು ಕೂರುತ್ತೇನೆ. ಗುರುವನ್ನು ಶಿಲುಬೆಗೇರಿಸಿದ ಮೂರನೆಯ ದಿನ ಇಬ್ಬರು ಶಿಷ್ಯರು ಮುಖ ಸಪ್ಪಗೆ ಮಾಡಿಕೊಂಡು ಎಮ್ಮಾವು ಎಂಬ ಹಳ್ಳಿಗೆ ನಡೆದಿದ್ದಾರೆ. ದಾರಿಯಲ್ಲಿ ಯಾರೋ ಜೊತೆಯಾಗುತ್ತಾನೆ. ಹೊತ್ತಾಯಿತು, ಉಳಿದುಕೋ ಎಂದು ಇವರೇ ಒತ್ತಾಯ ಮಾಡುತ್ತಾರೆ. ಊಟಕ್ಕೆ ಕೂತು ಆತ ರೊಟ್ಟಿ ಮುರಿದ ಗಳಿಗೆ ಗುರುತು ಹತ್ತುತ್ತದೆ. ಅದೇ ಗಳಿಗೆ ಆತ ಕಣ್ಮರೆ. ದಾರಿಯುದ್ದಕ್ಕೂ ತಮ್ಮ ಎದೆಯಲ್ಲಿ ಏನೋ ಉರಿಯುತ್ತಿತ್ತು ಎಂಬುದು ಅವರಿಗೆ ಹೊಳೆಯುವುದು ಆಮೇಲೆ. ನನ್ನ ಮಟ್ಟಿಗೆ ಕತೆಯ ಜೀವವೆಲ್ಲ ಆ ತಡವಾದ ನೆನಪಿನಲ್ಲಿದೆ.

ಈ ತಡವನ್ನೇ ಸಾಧನೆಯ ದಾರಿ ಮಾಡಿಕೊಂಡವರು ಸಂತ ಇಗ್ನೇಷಿಯಸ್. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಅವರ ಕಾಲು ಮುರಿಯಿತು. ಲೊಯೋಲಾದ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ. ಮೂಳೆ ಸರಿಯಾಗಿ ಕೂಡದೆ ಮಂಡಿಯ ಕೆಳಗೆ ಗಂಟಾಗಿ ಎದ್ದಿತ್ತು. ಬಿಗಿ ಬೂಟು ಚೆಂದ ಕೂರಬೇಕೆಂದು ಆ ಗಂಟನ್ನು ಕೊಯ್ಯಿಸಿಕೊಂಡರು; ಅರಿವಳಿಕೆ ಎಂಬುದೇ ಇಲ್ಲದ ಕಾಲ ಅದು. ಓದಲು ವೀರರ ಸಾಹಸಕತೆ ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ. ಬೇರೆ ಗತಿಯಿಲ್ಲದೆ ಅದನ್ನೇ ಓದಿದರು. ಒಮ್ಮೆ ಒಬ್ಬ ದೊಡ್ಡ ಮನೆತನದ ಹೆಣ್ಣಿನ ಸೇವೆಗೆ ಹೊರಡುವ ಕನಸು, ಒಮ್ಮೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗುವ ಕನಸು. ಕಾಣುತ್ತಿರುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಬಾಯಿ ಒಣಗಿಸುತ್ತಿತ್ತು, ಎರಡನೆಯದರ ರುಚಿ ನಾಲಗೆಯ ಮೇಲೆ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಬದುಕಿನ ತಿರುವು.

ಹಾಗೆಂದು ಬೆರಗು ಹುಟ್ಟಿಸಿದ್ದನ್ನೆಲ್ಲ ಅವರು ದೇವರೆಂದು ನಂಬಲಿಲ್ಲ. ಆಮೇಲೆ ಮನ್ರೇಸಾ ಎಂಬ ಊರಿನಲ್ಲಿದ್ದಾಗ ಹಾವಿನಾಕಾರದ, ಮೈತುಂಬ ಕಣ್ಣುಗಳಂತೆ ಹೊಳೆಯುವ ಏನೋ ಒಂದು ಗಾಳಿಯಲ್ಲಿ ಕಾಣುತ್ತಿತ್ತು. ನೋಡುವಾಗ ಬಹಳ ಸುಖ, ಮರೆಯಾದರೆ ಬೇಸರ. ಒಂದು ದಿನ ಶಿಲುಬೆಯ ಮುಂದೆ ಮೊಣಕಾಲೂರಿದಾಗ ಅದರ ಬಣ್ಣ ಮಂಕಾದದ್ದು ಕಂಡು, ಇದು ದೇವರಿಂದ ಬಂದದ್ದಲ್ಲ ಎಂದು ತಿಳಿದರು. 'ದೇವರು ನನಗೆ ಹೇಳಿದ' ಎಂದು ಏರುದನಿಯಲ್ಲಿ ಸಾರುವವರನ್ನು ಕಂಡಾಗ ನನಗೆ ಈ ಹಾವು ನೆನಪಾಗುತ್ತದೆ.

ಅವರು ಕಟ್ಟಿದ ಯೇಸುಸಭೆಯವರು ಮಧ್ಯಾಹ್ನವೂ ರಾತ್ರಿಯೂ ಕಳೆದ ಹೊತ್ತನ್ನು ಹಿಂದಿರುಗಿ ನೋಡುತ್ತಾರೆ. ಮೊದಲು ಕೃತಜ್ಞತೆ, ತಪ್ಪೊಪ್ಪಿಗೆ ಆಮೇಲೆ. ಈ ಕ್ರಮ ನನಗೆ ಬಹಳ ಇಷ್ಟ. ಒಲೆ ಒರೆಸಿ ದೀಪ ಆರಿಸಿದ ಮೇಲೆ ನಾನೂ ಹೀಗೆ ಕೂರುತ್ತೇನೆ. ಬೆಳಗಿನ ಬಲಿಪೂಜೆಯಲ್ಲಿ ಕಣ್ಣು ತುಂಬಿದ್ದು ಆ ಹೊತ್ತಿಗೆ ಹೆಚ್ಚಾಗಿ ಆರಿಹೋಗಿರುತ್ತದೆ. ಬ್ಯಾಂಕಿನ ಸಾಲಿನಲ್ಲಿ ಹೆಬ್ಬೆಟ್ಟಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಗುರುತು ಪರಿಚಯ ಇಲ್ಲದ ನನ್ನನ್ನು 'ಊಟ ಆಯ್ತಾ ಮಗಾ' ಎಂದು ಕೇಳಿದ ಮುದುಕಿ ಮಾತ್ರ ಅಲ್ಲೇ ಇರುತ್ತಾಳೆ.

ಎಮ್ಮಾವಿನ ಕತೆಯನ್ನು ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ಸೆವಿಲ್ಲೆಯಲ್ಲಿ, ಇಪ್ಪತ್ತು ತುಂಬುವ ಮೊದಲೇ ಚಿತ್ರಿಸಿದ. ಡಬ್ಲಿನ್ನಿನಲ್ಲಿರುವ ಆ ಚಿತ್ರದಲ್ಲಿ ಎದುರಿಗಿರುವವಳು ಅಡುಗೆಮನೆಯ ಆಳು: ತಲೆಗೆ ಬಿಳಿ ಬಟ್ಟೆ ಕಟ್ಟಿದ ಆಫ್ರಿಕನ್ ಮೂಲದ ಹೆಂಗಸು, ಬಹುಶಃ ಗುಲಾಮಳು. ಮೇಜಿನ ಮೇಲೆ ಹೂಜಿ, ಕುಟ್ಟಾಣಿ, ಬೆಳ್ಳುಳ್ಳಿ. ಅವಳ ತಲೆ ತುಸು ವಾಲಿದೆ, ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ. ಹಿಂದಿನ ಗೋಡೆಯ ಕಿಂಡಿಯಲ್ಲಿ, ಪುಟ್ಟದಾಗಿ, ಯೇಸು ಊಟಕ್ಕೆ ಕೂತಿದ್ದಾನೆ. ಆ ಕಿಂಡಿಯ ಮೇಲೆ ಯಾರೋ ಬಣ್ಣ ಬಳಿದಿದ್ದರು. 1933ರಲ್ಲಿ ಚಿತ್ರವನ್ನು ಶುಚಿಮಾಡುವಾಗಷ್ಟೇ ಅದು ಹೊರಬಂತು. ಅಲ್ಲಿಯವರೆಗೆ ನೋಡಿದವರ ಕಣ್ಣಿಗೆ ಬಿದ್ದವಳು ಅವಳೊಬ್ಬಳೇ. ಅವರು ಕಂಡದ್ದು ಕಡಿಮೆಯಾಯಿತೆಂದು ನನಗೆ ಅನ್ನಿಸುವುದಿಲ್ಲ. ಹಸಿದವರು, ಪರದೇಶಿಗಳು, ಸೆರೆಯಲ್ಲಿರುವವರು ತಾನೇ ಎಂದು ಮತ್ತಾಯನ 25ನೇ ಅಧ್ಯಾಯದಲ್ಲಿ ಯೇಸು ಹೇಳಿಬಿಟ್ಟಿದ್ದಾನಲ್ಲ. ಅದೇ ಹೆಂಗಸಿನ ಇನ್ನೊಂದು ಚಿತ್ರ ಶಿಕಾಗೋದಲ್ಲಿದೆ. ಅದರಲ್ಲಿ ಕಿಂಡಿಯೇ ಇಲ್ಲ. ಎರಡರಲ್ಲಿ ನಾನು ಹೆಚ್ಚು ಹೊತ್ತು ನೋಡುವುದು ಅದನ್ನೇ.